ಆಗಸ್ಟ್‌ನಲ್ಲಿ ಹೆದರ್ ಹೂವಿನ ಗುಡ್ಡ: ಕಿಂಡರ್ ಸ್ಕೌಟ್‌ಗೆ ಎಲ್ಲಿಂದ ಹತ್ತೋದು?

ಶರಾವತಿ ಸಾಲ್ಫರ್ಡ್

ಎಲ್ಲರಿಗೂ ನಮಸ್ಕಾರ. ನಾವು ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿದ್ದೇವೆ. ಆಗಸ್ಟ್ ಕೊನೆಯಲ್ಲಿ ಅಪ್ಪ ಅಮ್ಮ ಸಾಗರದಿಂದ ಬರುತ್ತಿದ್ದಾರೆ. ಆ ಹೊತ್ತಿಗೆ ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳೆಲ್ಲ ಹೆದರ್ ಅನ್ನುವ ಕುರುಚಲು ಗಿಡದ ಹೂವಿನಿಂದ ನೇರಳೆ ಬಣ್ಣಕ್ಕೆ ತಿರುಗಿರುತ್ತವೆ ಅಂತ ಆಫೀಸಿನಲ್ಲಿ ಕೇಳಿದ್ದೇನೆ. ನನಗೂ ನಮ್ಮ ಯಜಮಾನರಿಗೂ ಅಲ್ಲಿನ ಕಿಂಡರ್ ಸ್ಕೌಟ್ ಬೆಟ್ಟ ಹತ್ತಬೇಕೆಂದು ತುಂಬಾ ಆಸೆ. ಅಪ್ಪ ಚೆನ್ನಾಗಿ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತೋಕೆ ಆಗಲ್ಲ.

ಯಾವ ದಾರಿ ಹಿಡಿದರೆ ಹೂ ಚೆನ್ನಾಗಿ ಕಾಣುತ್ತೆ? ಅಮ್ಮನನ್ನೂ ಕರೆದುಕೊಂಡು ಹೋಗುವಂಥ ಜಾಗ ಇದೆಯಾ? ಸುಮ್ನೆ ಫೋಟೋ ತೆಗೆದುಕೊಂಡು ಬರೋದಕ್ಕಲ್ಲ. ಅಪ್ಪ ಗಿಡ, ಮಣ್ಣು, ಹಕ್ಕಿ ಅಂತ ನೂರು ಪ್ರಶ್ನೆ ಕೇಳುವವರು. ಅವರಿಗೆ ಹೇಳೋಕೆ ನನಗೂ ಸ್ವಲ್ಪ ತಿಳಿದಿರಬೇಕು.

ಸ್ಟಾಕ್‌ಪೋರ್ಟ್ ಗೌಡ

ಮೇಡಂ, ಒಳ್ಳೆ ಸಮಯಕ್ಕೇ ಬರುತ್ತಿದ್ದಾರೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಹೆದರ್ ತುಂಬಾ ಚೆನ್ನಾಗಿರುತ್ತದೆ. ಆಮೇಲೆ ಹೂ ಉದುರುವುದಿಲ್ಲ. ಗಿಡದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

ಕಿಂಡರ್ ಹತ್ತೋಕೆ ಎರಡು ಕಡೆಯಿಂದ ಜನ ಹೋಗುತ್ತಾರೆ. ದಕ್ಷಿಣದಲ್ಲಿ ಈಡೇಲ್, ಪಶ್ಚಿಮದಲ್ಲಿ ಹೇಫೀಲ್ಡ್. ಈಡೇಲ್‌ಗೆ ರೈಲಿದೆ, ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಮುಕ್ಕಾಲು ಗಂಟೆ. ಹೆಚ್ಚಿನವರು ಅಲ್ಲಿಂದಲೇ ಜೇಕಬ್ಸ್ ಲ್ಯಾಡರ್ ಮೆಟ್ಟಿಲು ಹಿಡಿಯುತ್ತಾರೆ. ಆದ್ರೆ ನಿಮಗೆ ಹೂ ಬೇಕು ಅಂದರೆ ನನ್ನ ಓಟು ಹೇಫೀಲ್ಡ್‌ಗೆ. ನ್ಯೂ ಮಿಲ್ಸ್‌ವರೆಗೆ ರೈಲು, ಅಲ್ಲಿಂದ ಬಸ್. ಕಾರಿದ್ದರೆ ಬೌಡನ್ ಬ್ರಿಜ್ ಹತ್ತಿರ ನಿಲ್ಲಿಸಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ, ಆಮೇಲೆ ಜಾಗ ಸಿಗುವುದು ಕಷ್ಟ.

ಅಲ್ಲಿಂದ ಟಾರು ರಸ್ತೆಯಲ್ಲಿ ಸ್ವಲ್ಪ ನಡೆದರೆ ಕಿಂಡರ್ ಜಲಾಶಯ. ಅದರ ಎಡಗಡೆ ಏರಿನಲ್ಲಿ ವೈಟ್ ಬ್ರೋ ಅಂತ ದಾರಿ. ಹೂ ಶುರುವಾಗುವುದು ಅಲ್ಲೇ. ಕೆಳಗೆ ನೀರು, ಮೇಲೆ ಎಡಕ್ಕೆ ಪೂರ್ತಿ ಇಳಿಜಾರು ನೇರಳೆ. ಗಾಳಿ ನಿಮ್ಮ ಕಡೆ ಬೀಸಿದರೆ ಜೇನಿನ ವಾಸನೆ ಬರುತ್ತದೆ. ದಾರಿ ಮುಂದೆ ವಿಲಿಯಂ ಕ್ಲಫ್ ಕಣಿವೆಗೆ ಇಳಿಯುತ್ತದೆ. ಆ ಕಣಿವೆಯಲ್ಲಿ ಹಳ್ಳವನ್ನು ಹಲವು ಸಲ ದಾಟಬೇಕು. ಕಲ್ಲು ಒದ್ದೆ ಇದ್ದರೆ ಜಾರುತ್ತದೆ, ಹುಷಾರು. ಕಣಿವೆಯ ತುದಿಗೆ ಆಶಪ್ ಹೆಡ್. ಅಲ್ಲಿಂದ ಬಲಕ್ಕೆ ಒಂದು ಕಡಿದಾದ ಏರು ಮುಗಿಸಿದರೆ ನೀವು ಮೇಲಿನ ಬಯಲಿನ ಅಂಚಿನಲ್ಲಿರುತ್ತೀರಿ.

ಮುಂದೆ ಅಂಚು ಹಿಡಿದೇ ನಡೆಯಿರಿ. ಸ್ಯಾಂಡಿ ಹೇಸ್ ದಾಟಿದರೆ ಕಿಂಡರ್ ಡೌನ್‌ಫಾಲ್ ಜಲಪಾತ, ಸುಮಾರು 30 ಮೀಟರ್. ಪಶ್ಚಿಮದ ಗಾಳಿ ಜೋರಾಗಿದ್ದರೆ ಬೀಳುವ ನೀರು ಕೆಳಗೆ ಹೋಗದೆ ತಿರುಗಿ ಮೇಲಕ್ಕೆ ಹಾರುತ್ತದೆ. ದೂರದಿಂದ ನೋಡಿದರೆ ಬೆಟ್ಟದಿಂದ ಹೊಗೆ ಎದ್ದ ಹಾಗಿರುತ್ತದೆ. ಒಣಗಾಲದಲ್ಲಿ ಮಾತ್ರ ಬರೀ ಬಂಡೆ. ಅಲ್ಲಿಂದ ಕಿಂಡರ್ ಲೋ, ಆಮೇಲೆ ಈಡೇಲ್ ಕ್ರಾಸ್ ಕಡೆ ಇಳಿದು ಮತ್ತೆ ಬೌಡನ್ ಬ್ರಿಜ್. ಒಟ್ಟು 13-14 ಕಿಲೋಮೀಟರ್. ಊಟ, ಫೋಟೋ, ಅಪ್ಪನವರ ಪ್ರಶ್ನೆಗಳು ಎಲ್ಲ ಸೇರಿ ಆರು ಗಂಟೆ ಇಟ್ಟುಕೊಳ್ಳಿ.

ಗುಡ್ಡದ ಗೆಳತಿ (ಶೆಫೀಲ್ಡ್)

ಗೌಡ್ರು ಹೇಳಿದ ದಾರಿ ಚೆನ್ನಾಗಿದೆ. ಆದರೆ ಅಮ್ಮನವರಿಗೆ ಅದು ಬೇಡ. ಅವರನ್ನು ಹ್ಯಾದರ್ಸೇಜ್ ಮೇಲಿನ ಸರ್‌ಪ್ರೈಸ್ ವ್ಯೂ ಹತ್ತಿರ ಕರೆದುಕೊಂಡು ಬನ್ನಿ. ಕಾರು ನಿಲ್ಲಿಸುವ ಜಾಗದಿಂದ ಹತ್ತು ನಿಮಿಷ ನಿಧಾನವಾಗಿ ನಡೆದರೂ ಸಾಕು, ಸುತ್ತಲೂ ಹೆದರ್. ಏರು ತುಂಬಾ ಕಡಿಮೆ. ಓಲರ್ ಟಾರ್, ಮದರ್ ಕ್ಯಾಪ್ ಅಂತ ದೊಡ್ಡ ಬಂಡೆಗಳಿವೆ. ಬಂಡೆಗೆ ಒರಗಿ ಕೂತರೆ ಹೋಪ್ ಕಣಿವೆ ಪೂರ್ತಿ ಕಾಣುತ್ತದೆ. ಆಸುಪಾಸಿನಲ್ಲಿ ಅರ್ಧ ಕಡೆದು ಬಿಟ್ಟುಹೋದ ಬೀಸುವ ಕಲ್ಲುಗಳು ಹುಲ್ಲಿನಲ್ಲಿ ಬಿದ್ದಿವೆ. ಇಲ್ಲಿನ ಗ್ರಿಟ್‌ಸ್ಟೋನ್ ಅನ್ನುವ ಒರಟು ಮರಳುಗಲ್ಲು ಗಿರಣಿ ಕಲ್ಲಿಗೆ ಹೆಸರಾಗಿತ್ತು. ವ್ಯಾಪಾರ ನಿಂತಾಗ ಕಲ್ಲು ಕುಟಿಗರು ಅಲ್ಲಲ್ಲೇ ಬಿಟ್ಟು ಹೋದರು.

ಸಮೀಪದಲ್ಲೇ ಲಾಂಗ್‌ಶಾ ಎಸ್ಟೇಟ್ ಇದೆ. ನ್ಯಾಷನಲ್ ಟ್ರಸ್ಟ್ ಅನ್ನುವ ಸಂರಕ್ಷಣಾ ಸಂಸ್ಥೆಯದು. ಚಹಾ ಸಿಗುತ್ತದೆ, ಶೌಚಾಲಯ ಇದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದು ಮುಖ್ಯ ಅಲ್ವಾ? ಕಿಂಡರ್ ಮೇಲೆ ಇದ್ಯಾವುದೂ ಇಲ್ಲ.

ತುಂಗಾ ತೀರ

ನಾನು ಪೀಟ್ ಮಣ್ಣಿನ (ಅರೆಕೊಳೆತ ಪಾಚಿ, ಹುಲ್ಲಿನಿಂದ ಆದ ಮಣ್ಣು) ಮೇಲೆ ಕೆಲಸ ಮಾಡುವವಳು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಿಂಡರ್‌ನ ನೆತ್ತಿಯ ಮೇಲೆ ನೇರಳೆ ಬಯಲು ಇರುತ್ತದೆ ಅಂದುಕೊಂಡು ಹೋಗಬೇಡಿ. ಹೂ ಇರುವುದು ಇಳಿಜಾರಿನಲ್ಲಿ, ಅಂಚಿನಲ್ಲಿ. ನೆತ್ತಿ ಅಂದರೆ ಕಪ್ಪು ಪೀಟ್, ಕಾಟನ್ ಗ್ರಾಸ್, ಅಲ್ಲಲ್ಲಿ ಬಿಲ್‌ಬೆರಿ, ಹೆದರ್‌ನ ತುಂಡು ತುಂಡು ಪೊದೆಗಳು. ನನಗೆ ಆ ಬೆಟ್ಟದಲ್ಲಿ ಎಲ್ಲಕ್ಕಿಂತ ಇಷ್ಟದ ಜಾಗವೇ ಆ ನೆತ್ತಿ.

ಮೊದಲು ಕೆಳಗಿನಿಂದ ಶುರು ಮಾಡೋಣ. ತಳದ ಬಂಡೆ ಸುಮಾರು 32 ಕೋಟಿ ವರ್ಷ ಹಳೆಯದು. ಉತ್ತರದಿಂದ ಹರಿದು ಬಂದ ದೊಡ್ಡ ನದಿಗಳು ಸಮುದ್ರ ಸೇರುವಲ್ಲಿ ಸುರಿದ ದಪ್ಪ ಮರಳು ಗಟ್ಟಿಯಾಗಿ ಗ್ರಿಟ್‌ಸ್ಟೋನ್ ಆಯಿತು. ಬಂಡೆಯ ಮೇಲೆ ಕೈ ಆಡಿಸಿದರೆ ಬಿಳಿ ಹರಳಿನ ಕಾಳುಗಳು ಚುಚ್ಚುತ್ತವೆ. ಆ ಬಂಡೆಯ ಮೇಲೆ ಪೀಟ್. ಮಳೆ ಜಾಸ್ತಿ, ಚಳಿ ಜಾಸ್ತಿ, ನೀರು ಹರಿದು ಹೋಗಲ್ಲ. ಸತ್ತ ಪಾಚಿ, ಹುಲ್ಲು ಪೂರ್ತಿ ಕೊಳೆಯುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್‌ನಂತೆ ಸೇರುತ್ತಾ ಹೋಗುತ್ತದೆ. ಕಿಂಡರ್ ಮೇಲೆ ಕೆಲವೆಡೆ ಆಳೆತ್ತರಕ್ಕಿಂತ ದಪ್ಪ ಇದೆ. ಅಂದರೆ ಸಾವಿರಾರು ವರ್ಷದ್ದು.

ನೆತ್ತಿಯ ಪೀಟ್‌ನಲ್ಲಿ ನೀರು ಕೊರೆದ ಕೊರಕಲುಗಳಿವೆ, ಅದರ ಗೋಡೆಯಿಂದ ಚೂರು ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗಿರುತ್ತದೆ. ಹಿಂಡಿದರೆ ಕಂದು ನೀರು ಇಳಿಯುತ್ತದೆ. ಒದ್ದೆ ಪೀಟ್‌ನಲ್ಲಿ ನೂರಕ್ಕೆ 90 ಭಾಗದಷ್ಟು ನೀರೇ. ಕೆಲವೊಮ್ಮೆ ಒಳಗೆ ಮರದ ಬೇರೂ ಸಿಗುತ್ತದೆ. ಒಂದು ಕಾಲದಲ್ಲಿ ಅಲ್ಲಿ ಮರಗಳಿದ್ದವು.

ಬಯಲುಸೀಮೆ ಬಸು

ಮರ ಇದ್ದವು ಅಂದ್ರಲ್ಲ, ಹೋಗಿದ್ದು ಹೇಗೆ? ನಾನು ಹೋದ ವರ್ಷ ಡರ್ವೆಂಟ್ ಎಡ್ಜ್ ಕಡೆ ನಡೆದಾಗ ಗುಡ್ಡದ ಮೇಲೆ ಚೌಕ ಚೌಕ ತುಂಡುಗಳು ಕಂಡವು. ಒಂದು ಕಡೆ ಸುಟ್ಟ ಕಪ್ಪು, ಪಕ್ಕದಲ್ಲಿ ಗಿಡ್ಡ ಹಸಿರು, ಅದರಾಚೆ ಎತ್ತರದ ಹೆದರ್. ಯಾರೋ ಬೇಕೆಂದೇ ಸುಟ್ಟ ಹಾಗಿತ್ತು. ಇದೆಲ್ಲ ತಾನಾಗಿ ಬೆಳೆದ ಕಾಡು ಅಲ್ವಾ?

ಸ್ಟಾಕ್‌ಪೋರ್ಟ್ ಗೌಡ

ಬೇಕೆಂದೇ ಸುಟ್ಟಿದ್ದು ಬಸು ಅವರೇ. ಈ ನೇರಳೆ ಗುಡ್ಡಗಳ ರೂಪದಲ್ಲಿ ಮನುಷ್ಯನ ಕೈ ತುಂಬಾ ಇದೆ. ಸಾವಿರಾರು ವರ್ಷದ ಹಿಂದೆ ಮರ ಕಡಿದರು, ಹವೆಯೂ ಒದ್ದೆಯಾಯಿತು. ಆಮೇಲೆ ಕುರಿ ಬಂತು. ಎಳೆ ಸಸಿ ಮೇಲೇಳೋಕೆ ಕುರಿ ಬಿಡಲಿಲ್ಲ. 19ನೇ ಶತಮಾನದಲ್ಲಿ ಸಿರಿವಂತರಿಗೆ ಗ್ರೌಸ್ ಬೇಟೆಯ ಹುಚ್ಚು ಹತ್ತಿತು. ಗುಡ್ಡಕ್ಕೆ ಗುಡ್ಡವನ್ನೇ ಅದಕ್ಕಾಗಿ ಇಟ್ಟುಕೊಂಡರು.

ರೆಡ್ ಗ್ರೌಸ್ ಅಂದರೆ ಕೋಳಿ ಜಾತಿಯ ಕೆಂಗಂದು ಹಕ್ಕಿ. ಅದು ಬದುಕುವುದೇ ಹೆದರ್‌ನ ಎಳೆ ಚಿಗುರಿನ ಮೇಲೆ. ಆದರೆ ಮೊಟ್ಟೆ ಇಡೋಕೆ, ಅಡಗೋಕೆ ಅದಕ್ಕೆ ಎತ್ತರದ ಹಳೆ ಪೊದೆ ಬೇಕು. ಹೀಗಾಗಿ ಬೇಟೆ ಗುಡ್ಡ ನೋಡಿಕೊಳ್ಳುವ ಕಾವಲುಗಾರರು ತುಂಡು ತುಂಡಾಗಿ ಸರದಿಯ ಮೇಲೆ ಸುಡುತ್ತಾರೆ. ಒಂದು ತುಂಡಿಗೆ ಮತ್ತೆ ಬೆಂಕಿ ಬೀಳೋಕೆ ಹತ್ತು ಹದಿನೈದು ವರ್ಷ, ಕೆಲವೆಡೆ ಇನ್ನೂ ಜಾಸ್ತಿ. ಆಗ ಎಲ್ಲ ವಯಸ್ಸಿನ ಹೆದರ್ ಅಕ್ಕಪಕ್ಕ ಸಿಗುತ್ತದೆ. ನೀವು ನೋಡಿದ ಚೌಕಗಳು ಅವೇ. ಬೇಟೆ ಶುರುವಾಗುವುದು ಆಗಸ್ಟ್ 12ಕ್ಕೆ, ಮುಗಿಯುವುದು ಡಿಸೆಂಬರ್ 10ಕ್ಕೆ.

ಗಿಡದ ಬುಡ ಉಳಿದಿದ್ದರೆ ಮತ್ತೆ ಚಿಗುರುತ್ತದೆ. ಬುಡ ಹೋದರೂ ಮಣ್ಣಿನಲ್ಲಿ ಬೀಜ ದಶಕಗಟ್ಟಲೆ ಜೀವ ಹಿಡಿದು ಕೂತಿರುತ್ತದೆ. ಹೊಗೆ ತಾಗಿದರೆ ಮೊಳಕೆ ಇನ್ನೂ ಚೆನ್ನಾಗಿ ಬರುತ್ತದೆ. ಸುಡದೆ ಬಿಟ್ಟರೆ ಮೂವತ್ತು ನಲವತ್ತು ವರ್ಷಕ್ಕೆ ಗಿಡಕ್ಕೆ ಮುಪ್ಪು ಬಂದು ನಡುವೆ ಬಾಯಿ ಬಿಡುತ್ತದೆ.

ತುಂಗಾ ತೀರ

ಗೌಡ್ರೇ, ಗಿಡದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಗಿಡದ ಕೆಳಗೆ ಏನಿದೆ ಅನ್ನುವುದನ್ನು ಬಿಟ್ಟು ಸುಡುವ ಮಾತು ಆಡೋಕೆ ಆಗಲ್ಲ. ತೆಳು ಮಣ್ಣಿನ ಮೇಲೆ ಸುಡುವುದು ಬೇರೆ, ಆಳದ ಪೀಟ್ ಮೇಲೆ ಸುಡುವುದು ಬೇರೆ. ಪೀಟ್ ಮೇಲೆ ಇರಬೇಕಾದ್ದು ಸ್ಫ್ಯಾಗ್ನಮ್ ಪಾಚಿ. ತನ್ನ ತೂಕದ ಎಷ್ಟೋ ಪಾಲು ನೀರು ಹಿಡಿದುಕೊಂಡು ಬೆಟ್ಟವನ್ನು ತೇವವಾಗಿ ಇಡುವುದು ಅದೇ. ಪೀಟ್ ಕಟ್ಟುವುದೂ ಅದೇ. ಆಳದ ಪೀಟ್ ಮೇಲೆ ಹೆದರ್ ಒಂದೇ ದಟ್ಟವಾಗಿ ಬೆಳೆದಿದೆ ಅಂದರೆ ಬಹಳ ಸಲ ಕೆಳಗಿನ ಪೀಟ್ ಒಣಗಿದೆ ಅಂತಲೇ ಅರ್ಥ.

ಕಿಂಡರ್ ಇದಕ್ಕೆ ದೊಡ್ಡ ಉದಾಹರಣೆ. ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್. ಕೈಗಾರಿಕೆ ಶುರುವಾದ ಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಲ್ಲಿದ್ದಲಿನ ಹೊಗೆ ಈ ಗುಡ್ಡದ ಮೇಲೆ ಇಳಿಯಿತು. ಗಂಧಕಕ್ಕೆ ಸ್ಫ್ಯಾಗ್ನಮ್ ಸತ್ತಿತು. ಅದರ ಮೇಲೆ ಕಾಡ್ಗಿಚ್ಚು, ಅದರ ಮೇಲೆ ಮಿತಿಮೀರಿ ಕುರಿ. ಹೊದಿಕೆ ಹೋದ ಪೀಟ್ ಬರಿಮೈಯಲ್ಲಿ ನಿಂತಿತು. ಮಳೆಗೆ ಕೊಚ್ಚಿಹೋಯಿತು, ಗಾಳಿಗೆ ಹಾರಿತು. ಈಗ ಕಾಣುವ ಆಳದ ಕೊರಕಲುಗಳನ್ನು ಇಷ್ಟು ಹಿಗ್ಗಿಸಿದ್ದು ಈ ನಷ್ಟವೇ. ಇಂಗಾಲವನ್ನು ಹಿಡಿದಿಡಬೇಕಾದ ಬೆಟ್ಟ ಇಂಗಾಲ ಬಿಡತೊಡಗಿತು. ಜಲಾಶಯಕ್ಕೆ ಹೋಗುವ ನೀರು ಕಂದಾಯಿತು. ಅದನ್ನು ತಿಳಿ ಮಾಡಿ ನಲ್ಲಿಗೆ ಬಿಡೋಕೆ ಖರ್ಚು ಬೇರೆ.

ಸುಡುವುದಕ್ಕೆ ಇಂಗ್ಲೆಂಡಿನಲ್ಲಿ ಕಾಲಮಿತಿ ಮೊದಲಿಂದಲೂ ಇತ್ತು. ಗುಡ್ಡಗಾಡಿನಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ. 2021ರಲ್ಲಿ ಸಂರಕ್ಷಿತ ಜಾಗಗಳಲ್ಲಿ 40 ಸೆಂಟಿಮೀಟರ್‌ಗಿಂತ ಆಳದ ಪೀಟ್ ಮೇಲೆ ಲೈಸೆನ್ಸ್ ಇಲ್ಲದೆ ಸುಡುವಂತಿಲ್ಲ ಅಂತ ಮಾಡಿದರು. 2025ರಲ್ಲಿ ಆ ಮಿತಿಯನ್ನು 30 ಸೆಂಟಿಮೀಟರ್‌ಗೆ ಇಳಿಸಿದರು. ನನ್ನ ಪ್ರಕಾರ ಇದು ತಡವಾಗಿ ಬಂದ ಒಳ್ಳೆಯ ನಿಯಮ.

ಕೊಪ್ಪದ ಹುಡುಗ

ತುಂಗಾ ಮೇಡಂ, ಇನ್ನೊಂದು ಕಡೆಯ ಮಾತನ್ನೂ ಕೇಳಬೇಕಲ್ವಾ? ನಾನು ಯಾರ್ಕ್‌ಷೈರ್‌ನಲ್ಲಿ ಒಬ್ಬ ಕಾವಲುಗಾರರ ಜತೆ ಅರ್ಧ ದಿನ ಓಡಾಡಿದ್ದೇನೆ. ಅವರು ಹೇಳುವುದು ಇಷ್ಟು: ಒಣ ಹೆದರ್ ಹಾಗೇ ಬಿಟ್ಟರೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಚಳಿಗಾಲದ ಒದ್ದೆಯಲ್ಲಿ ಸ್ವಲ್ಪ ಸ್ವಲ್ಪ ಸುಟ್ಟರೆ ನಡುವೆ ಬೆಂಕಿ ತಡೆ ಸಿಗುತ್ತದೆ. ನಮ್ಮ ಕಡೆಯೂ ಕಾಡಂಚಿನಲ್ಲಿ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುತ್ತಾರಲ್ಲ. 2018ರ ಜೂನ್‌ನಲ್ಲಿ ಸ್ಯಾಡಲ್‌ವರ್ತ್ ಮೂರ್ ಉರಿದಾಗ ಸೈನ್ಯವನ್ನೇ ಕರೆಸಬೇಕಾಯಿತು.

ಇನ್ನೊಂದು ಮಾತು. ಆ ಕೆಲಸ ನಂಬಿ ಬದುಕುವ ಮನೆಗಳಿವೆ. ಗೋಲ್ಡನ್ ಪ್ಲೋವರ್, ಕರ್ಲ್ಯೂ ಥರದ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಇಂಥ ಕಾವಲಿರುವ ಗುಡ್ಡ ಒಳ್ಳೆಯದು ಅನ್ನುವವರೂ ಇದ್ದಾರೆ. ನರಿ, ಕಾಗೆಗಳ ಕಾಟ ಅಲ್ಲಿ ಕಡಿಮೆ.

ತುಂಗಾ ತೀರ

ಖಂಡಿತ ಕೇಳಬೇಕು. ಅವರಷ್ಟು ಗುಡ್ಡ ಬಲ್ಲವರು ಕಡಿಮೆ. ಬೆಂಕಿ ರೇಖೆಯ ಮಾತು ತೆಳು ಮಣ್ಣಿನ ಒಣ ಹೆದರ್‌ಗೆ ಒಪ್ಪುತ್ತೇನೆ. ಆಳದ ಪೀಟ್‌ಗೆ ಒಪ್ಪಲ್ಲ. ಯಾಕೆಂದರೆ ಅಲ್ಲಿ ಬೆಂಕಿಗೆ ನಿಜವಾದ ತಡೆ ನೀರು. ನೀರಿನ ಮಟ್ಟ ಮೇಲೆ ಬಂದರೆ ಹೆದರ್ ತಾನಾಗಿ ಕಡಿಮೆಯಾಗುತ್ತದೆ, ಪಾಚಿ ಬರುತ್ತದೆ. ಉರಿಯೋಕೆ ಬೇಕಾದ ಒಣ ಸೌದೆಯೇ ಇರುವುದಿಲ್ಲ. ಸ್ಯಾಡಲ್‌ವರ್ತ್‌ನ ಬೆಂಕಿ ಅಷ್ಟು ದಿನ ಆರದೆ ಇದ್ದದ್ದು ಪೀಟ್ ಒಳಗೊಳಗೇ ಹೊತ್ತಿಕೊಂಡಿದ್ದರಿಂದ.

ಕಿಂಡರ್ ಮೇಲೆ ನಡೆದ ಕೆಲಸ ನೋಡಿದರೆ ನಿಮಗೆ ನಂಬಿಕೆ ಬರುತ್ತದೆ. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಆ ಬೆಟ್ಟವನ್ನು ಕೊಂಡಿತು. 2003ರಲ್ಲಿ ಮೂರ್ಸ್ ಫಾರ್ ದ ಫ್ಯೂಚರ್ ಅನ್ನುವ ಜಂಟಿ ಯೋಜನೆ ಶುರುವಾಯಿತು. ಬರಿಮೈ ಪೀಟ್ ಮೇಲೆ ಬೀಜ ಚೆಲ್ಲಿದರೆ ನಿಲ್ಲುವುದಿಲ್ಲ, ಮಳೆಗೆ ಜಾರಿ ಹೋಗುತ್ತದೆ. ಅದಕ್ಕೆ ಬೇರೆ ಗುಡ್ಡದಲ್ಲಿ ಕತ್ತರಿಸಿದ ಹೆದರ್ ಕಡ್ಡಿಗಳನ್ನು ದೊಡ್ಡ ಚೀಲಗಳಲ್ಲಿ ತುಂಬಿ ಹೆಲಿಕಾಪ್ಟರ್‌ನಲ್ಲಿ ತಂದರು. ಕೈಯಲ್ಲಿ ಹರಡಿದರು. ಆ ಕಡ್ಡಿ ನೆಲಕ್ಕೆ ಹೊದಿಕೆಯಾಯಿತು, ಅದರೊಳಗೇ ಹೆದರ್ ಬೀಜವೂ ಇತ್ತು. ಮಣ್ಣು ತುಂಬಾ ಹುಳಿ, ಅದಕ್ಕೆ ಸುಣ್ಣ ಹಾಕಿದರು. ಬೇಗ ಬೇರು ಬಿಡುವ ಹುಲ್ಲು ಬಿತ್ತಿದರು. ಕೊರಕಲುಗಳಿಗೆ ಕಲ್ಲಿನ, ಮರದ ಸಣ್ಣ ಸಣ್ಣ ಒಡ್ಡು ಕಟ್ಟಿದರು. ಕುರಿ ಬರದ ಹಾಗೆ ಬೇಲಿ ಹಾಕಿದರು. ಆಮೇಲೆ ಸ್ಫ್ಯಾಗ್ನಮ್‌ನ ಸಣ್ಣ ಸಸಿಗಳನ್ನು ಒಂದೊಂದಾಗಿ ಊರಿದರು. ಈ ಕೆಲಸ ಈಗಲೂ ನಡೆಯುತ್ತಿದೆ.

ಅಂಚಿನ ದಾರಿಯಲ್ಲಿ ನಿಂತು ಒಳಗಿನ ಕೊರಕಲು ನೋಡಿ. ಕಲ್ಲಿನ ಒಡ್ಡಿನ ಹಿಂದೆ ಕಪ್ಪು ನೀರು ನಿಂತಿರುತ್ತದೆ, ಸುತ್ತ ಕಾಟನ್ ಗ್ರಾಸ್ ಎದ್ದಿರುತ್ತದೆ. ಮಳೆ ಬಂದಾಗ ಅಲ್ಲಿಂದ ನೀರು ಈಗ ಮೊದಲಿಗಿಂತ ನಿಧಾನವಾಗಿ ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಕೆಳಗಿನ ಊರಿನವರಿಗೆ ಅದರ ಬೆಲೆ ಗೊತ್ತು.

ಕೊಪ್ಪದ ಹುಡುಗ

ಇಷ್ಟು ವಿವರ ಗೊತ್ತಿರಲಿಲ್ಲ ಮೇಡಂ. ಒಣ ಇಳಿಜಾರು ಬೇರೆ, ಆಳದ ಪೀಟ್ ಬೇರೆ ಅನ್ನುವುದನ್ನು ಒಪ್ಪುತ್ತೇನೆ. ಆದರೂ ಕಾವಲುಗಾರರನ್ನು ಖಳರ ಹಾಗೆ ನೋಡುವುದು ಬೇಡ. ಈ ಒಡ್ಡು ಕಟ್ಟೋಕೂ ಗುಡ್ಡ ಬಲ್ಲ ಅಂಥ ಕೈಗಳೇ ಬೇಕು.

ಶಿರಸಿ ಜೇನು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಶಿರಸಿಯಲ್ಲೇ ಇರುವುದು. ಆದರೆ ಹೆದರ್ ಜೇನಿನ ಬಗ್ಗೆ ಬಹಳ ಕೇಳಿದ್ದೇನೆ. ಅದು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ ಅಂತಾರಲ್ಲ, ನಿಜವಾ?

ಗುಡ್ಡದ ಗೆಳತಿ (ಶೆಫೀಲ್ಡ್)

ನಿಜ ಅಣ್ಣ. ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ಪ್ರತಿ ವರ್ಷ ಆಗಸ್ಟ್‌ನಲ್ಲಿ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹಾಕಿ ಗುಡ್ಡಕ್ಕೆ ಕೊಂಡೊಯ್ಯುತ್ತಾರೆ. ರಾತ್ರಿ ಹುಳ ಒಳಗೆ ಸೇರಿದ ಮೇಲೆ ಬಾಯಿ ಮುಚ್ಚಿ ಸಾಗಿಸುವುದು. ಹೂ ಮುಗಿದ ಮೇಲೆ ವಾಪಸ್ ತರುವುದು. ಹೆದರ್ ಜೇನು ಸುಮ್ಮನೆ ಇಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ, ಕಲಕಿದರೆ ತೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಅದಕ್ಕೆ ತಿರುಗಿಸುವ ಯಂತ್ರದಲ್ಲಿ ಸಾಮಾನ್ಯ ಜೇನಿನಂತೆ ಹಾರುವುದಿಲ್ಲ. ಎರಿಯನ್ನೇ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿ ಹಿಂಡುತ್ತಾರೆ. ಇಲ್ಲವೇ ಒಂದೊಂದು ಕೋಣೆಯನ್ನೂ ಮುಳ್ಳಿನ ರೋಲರ್‌ನಿಂದ ಕಲಕಿ ಆಮೇಲೆ ತಿರುಗಿಸುತ್ತಾರೆ. ಹಿಂಡಿದ ಜೇನಿನಲ್ಲಿ ಸಣ್ಣ ಗಾಳಿಗುಳ್ಳೆಗಳು ಹಾಗೇ ಸಿಕ್ಕಿಕೊಂಡಿರುತ್ತವೆ. ಬಣ್ಣ ಕೆಂಗಂದು, ರುಚಿಯಲ್ಲಿ ಸ್ವಲ್ಪ ಕಹಿ. ನನಗೆ ತುಂಬಾ ಇಷ್ಟ.

ಹೆದರ್ ಮೂರು ಬಗೆಯದು ಸಿಗುತ್ತದೆ, ಅಪ್ಪನವರಿಗೆ ತೋರಿಸಿ. ಆಗಸ್ಟ್‌ನಲ್ಲಿ ಇಡೀ ಗುಡ್ಡಕ್ಕೆ ಬಣ್ಣ ಕೊಡುವುದು ಲಿಂಗ್. ಅದರ ಎಲೆ ಎಷ್ಟು ಸಣ್ಣದೆಂದರೆ ಕಡ್ಡಿಗೆ ಅಂಟಿಸಿದ ಚಿಪ್ಪುಗಳ ಹಾಗೆ ನಾಲ್ಕು ಸಾಲಿನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಗಾಳಿಗೆ ನೀರು ಕಳೆದುಕೊಳ್ಳದಿರಲು ಈ ಉಪಾಯ. ಬೆಲ್ ಹೆದರ್‌ನ ಹೂ ದೊಡ್ಡದು, ಕಡು ನೇರಳೆ, ಒಣ ಕಲ್ಲುನೆಲದಲ್ಲಿ ಇರುತ್ತದೆ, ಜುಲೈಗೇ ಅರಳಿರುತ್ತದೆ. ಮೂರನೆಯದು ಕ್ರಾಸ್-ಲೀವ್ಡ್ ಹೀತ್. ಎಲೆ ನಾಲ್ಕು ನಾಲ್ಕಾಗಿ ಕಡ್ಡಿಯ ಸುತ್ತ ಕೂತಿರುತ್ತವೆ, ಹೂ ತಿಳಿ ಗುಲಾಬಿ. ಅದು ಕಂಡಲ್ಲಿ ಬೂಟು ಒದ್ದೆಯಾಗುತ್ತದೆ ಅಂತ ತಿಳಿಯಿರಿ.

ಶಿರಸಿ ಜೇನು

ಬಹಳ ಸಂತೋಷವಾಯಿತು ತಂಗಿ. ಹಿಂಡಿ ತೆಗೆಯುವ ವಿಷಯ ನಮ್ಮ ಸಂಘದಲ್ಲಿ ಹೇಳುತ್ತೇನೆ.

ಹಾಸನದ ಹನುಮಂತು

ಬೌಡನ್ ಬ್ರಿಜ್ ಹೆಸರು ಬಂದ ಮೇಲೆ ಒಂದು ಕಥೆ ಹೇಳದೆ ಇರೋಕೆ ಆಗುತ್ತಿಲ್ಲ. ಅಲ್ಲಿನ ಹಳೆಯ ಕಲ್ಲು ಕ್ವಾರಿಯಲ್ಲಿ ಗೋಡೆಗೆ ಒಂದು ಫಲಕ ಇದೆ. ಅಪ್ಪನವರನ್ನು ಎರಡು ನಿಮಿಷ ಅಲ್ಲಿ ನಿಲ್ಲಿಸಿ.

1932ರಲ್ಲಿ ಕಿಂಡರ್ ಮೇಲೆ ಸಾಮಾನ್ಯ ಜನ ಕಾಲಿಡುವಂತಿರಲಿಲ್ಲ. ಬೇಟೆಯ ಗುಡ್ಡ. ವರ್ಷದಲ್ಲಿ ಕೆಲವೇ ದಿನ ಬೇಟೆ, ಉಳಿದ ದಿನವೂ ಕಾವಲು. ಮ್ಯಾಂಚೆಸ್ಟರ್, ಶೆಫೀಲ್ಡ್‌ನ ಕಾರ್ಖಾನೆ ಕೆಲಸಗಾರರಿಗೆ ವಾರಕ್ಕೊಂದು ರಜೆ. ಹೊಗೆಯಿಂದ ಹೊರಬಂದು ಗಾಳಿ ತೆಗೆದುಕೊಳ್ಳೋಣ ಅಂದರೆ ಕಣ್ಣೆದುರಿಗೇ ಇರುವ ಗುಡ್ಡಕ್ಕೆ ಹೋಗುವಂತಿಲ್ಲ. ಏಪ್ರಿಲ್ 24, ಭಾನುವಾರ. ಬೆನ್ನಿ ರಾತ್‌ಮನ್ ಅನ್ನುವ 20 ವರ್ಷದ ಹುಡುಗ ಆ ಕ್ವಾರಿಯಲ್ಲಿ ನಿಂತು ಭಾಷಣ ಮಾಡಿದ. ಸುಮಾರು ನಾನೂರು ಜನ ವಿಲಿಯಂ ಕ್ಲಫ್‌ನಲ್ಲಿ ಹತ್ತಿದರು. ಗೌಡ್ರು ಹೇಳಿದ ಅದೇ ದಾರಿ. ಕಾವಲುಗಾರರ ಜತೆ ತಳ್ಳಾಟ ಆಯಿತು. ಈಡೇಲ್ ಕಡೆಯಿಂದ ಬಂದವರನ್ನು ಮೇಲೆ ಸೇರಿಕೊಂಡು ವಾಪಸ್ ಇಳಿದರು. ಕೆಳಗೆ ಪೊಲೀಸರು ಕಾಯುತ್ತಿದ್ದರು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು.

ಗುಡ್ಡ ನಡೆದಿದ್ದಕ್ಕೆ ಜೈಲಾ ಅಂತ ದೇಶವೇ ಮಾತಾಡಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಯಿತು. 1965ರ ಏಪ್ರಿಲ್ 24ಕ್ಕೆ ಪೆನೈನ್ ವೇ ಕಾಲುದಾರಿ ತೆರೆಯಿತು, ಈಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹೋಮ್‌ವರೆಗೆ ಸುಮಾರು 430 ಕಿಲೋಮೀಟರ್. ಆದರೂ ದಾರಿ ಬಿಟ್ಟು ಬಯಲಿನಲ್ಲಿ ನಡೆಯುವ ಹಕ್ಕು ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಇರಲಿಲ್ಲ. ಅದಕ್ಕೆ 2000ದ ಕಾನೂನು ಬರಬೇಕಾಯಿತು. ಈ ಕಡೆ ಜಾರಿಗೆ ಬಂದಿದ್ದು 2004ರಲ್ಲಿ. 2002ರಲ್ಲಿ, ಆ ಘಟನೆಯ 70ನೇ ವರ್ಷದಲ್ಲಿ, ಅಂದಿನ ಡೆವನ್‌ಷೈರ್ ಡ್ಯೂಕ್ ಅಲ್ಲೇ ಬಂದು, ಆಗ ಗುಡ್ಡದ ಒಡೆಯರಲ್ಲೊಬ್ಬರಾಗಿದ್ದ ತಮ್ಮ ಅಜ್ಜ ಮಾಡಿದ್ದು ತಪ್ಪು ಅಂತ ಎಲ್ಲರೆದುರು ಕ್ಷಮೆ ಕೇಳಿದರು. ರಾತ್‌ಮನ್ ಅದನ್ನು ಕೇಳಲಿಲ್ಲ, ಕೆಲವು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು.

ಪೀಟ್, ಹೂ, ಹಕ್ಕಿ ಎಲ್ಲ ಸರಿ. ಆದರೆ ಎಲ್ಲಿಂದಲೋ ಬಂದ ನಾವು ಯಾರನ್ನೂ ಕೇಳದೆ ಆ ಬಯಲಿನಲ್ಲಿ ನಡೆಯುತ್ತೇವಲ್ಲ, ಅದು ಯಾರೋ ಜೈಲಿಗೆ ಹೋಗಿ ಕೊಟ್ಟದ್ದು. ನನಗೆ ಅಲ್ಲಿ ಹೋದಾಗಲೆಲ್ಲ ಅದೇ ನೆನಪಾಗುತ್ತದೆ.

ಬಯಲುಸೀಮೆ ಬಸು

ರೋಮಾಂಚನ ಆಯಿತು ಹನುಮಂತು ಅವರೇ. ಇದೇ ಗುಡ್ಡ ಅಂತ ನನಗೆ ಗೊತ್ತಿರಲಿಲ್ಲ.

ಶರಾವತಿ ಸಾಲ್ಫರ್ಡ್

ಇಷ್ಟೆಲ್ಲ ತಿಳಿಸಿದ್ದಕ್ಕೆ ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಅವರ ಪ್ರಶ್ನೆಗಳು ಆಗಲೇ ಶುರುವಾಗಿವೆ. ಬೆಟ್ಟದ ತುದಿ ಯಾವುದು? ಮೇಲಿನ ಬಯಲನ್ನು ನಡುವೆ ಹಾದು ದಾಟಬಹುದಾ? ಬಿಳಿ ಮೊಲ ಇದೆಯಂತಲ್ಲ, ಕಾಣುತ್ತದಾ? ಅಮ್ಮನ ಪ್ರಶ್ನೆ ಒಂದೇ: ದೇವರಿಗೆ ನಾಲ್ಕು ಹೂ ಕಿತ್ತುಕೊಳ್ಳಬಹುದಾ?

ಸ್ಟಾಕ್‌ಪೋರ್ಟ್ ಗೌಡ

ತುದಿ 636 ಮೀಟರ್, ಪೀಕ್ ಡಿಸ್ಟ್ರಿಕ್ಟ್‌ನಲ್ಲೇ ಎತ್ತರ. ಆದರೆ ಶಿಖರ ಅಂತ ಏನೂ ಕಾಣುವುದಿಲ್ಲ. ಕಿಂಡರ್ ಲೋ ಹತ್ತಿರ ಬಿಳಿ ಅಳತೆ ಕಂಬ ಇದೆ, ಅದು 633 ಮೀಟರ್. ನಿಜವಾದ ತುದಿ ಅದರಾಚೆ ಪೀಟ್ ನಡುವೆ ಎಲ್ಲೋ ಇದೆ. ಕಂಬ ಮುಟ್ಟಿದರೆ ಸಾಕು.

ನಡುವೆ ದಾಟುವ ಯೋಚನೆ ಬಿಡಿ. ಕೊರಕಲಿಗೆ ಇಳಿದರೆ ನಾಲ್ಕೂ ಕಡೆ ಕಪ್ಪು ಗೋಡೆ, ದಿಕ್ಕು ತಿಳಿಯುವುದಿಲ್ಲ. ಮಂಜು ಬಂದರೆ ನಕ್ಷೆ ನೋಡಿ ನಡೆಯುವವರೂ ತಪ್ಪುತ್ತಾರೆ. ಹೊಸದಾಗಿ ಕಟ್ಟಿದ ಒಡ್ಡುಗಳ ಹಿಂದೆ ನೀರು ಎಷ್ಟು ಆಳ ಅಂತಲೂ ಗೊತ್ತಾಗಲ್ಲ. ಎಳೆ ಸಸಿ ಬೇರೆ ಊರಿರುತ್ತಾರೆ. ಅಂಚಿನ ದಾರಿಯೇ ಚೆಂದ.

ಆಶಪ್ ಹೆಡ್‌ನಲ್ಲಿ ನೆಲಕ್ಕೆ ಹಾಸಿದ ಚಪ್ಪಡಿಗಳು ಸಿಗುತ್ತವೆ. ಅವು ಲ್ಯಾಂಕಾಷೈರ್‌ನ ಕೆಡವಿದ ಹತ್ತಿ ಗಿರಣಿಗಳ ನೆಲದ ಕಲ್ಲುಗಳು. ಜನರ ಬೂಟಿಗೆ ಪೀಟ್ ಸವೆಯದಿರಲಿ ಅಂತ ಹೆಲಿಕಾಪ್ಟರ್‌ನಲ್ಲಿ ತಂದು ಹಾಸಿದರು. ಕೆಲವು ಕಲ್ಲಿನಲ್ಲಿ ಯಂತ್ರ ಕೂರಿಸಿದ ತೂತುಗಳು ಇನ್ನೂ ಇವೆ. ಹನುಮಂತು ಹೇಳಿದ ಕೆಲಸಗಾರರು ನಿಂತು ದುಡಿದ ನೆಲ ಅದು.

ತಯಾರಿ ಬಗ್ಗೆ: ಆಗಸ್ಟ್ ಅಂತ ತೆಳು ಅಂಗಿಯಲ್ಲಿ ಹೋಗಬೇಡಿ. ಮೇಲೆ ಗಾಳಿ ಚಳಿ ಎರಡೂ ಜಾಸ್ತಿ. ಮಳೆ ಜಾಕೆಟ್, ಹಿಡಿತ ಇರುವ ಬೂಟು, ನೀರು, ಟಾರ್ಚು, ಕಾಗದದ ನಕ್ಷೆ ಇರಲಿ. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಓಎಲ್ 1 ಸಾಕು. ಕೆಲವು ಕಣಿವೆಗಳಲ್ಲಿ ಫೋನ್ ಸಿಗ್ನಲ್ ಇರಲ್ಲ. ಏನಾದರೂ ಆದರೆ 999ಕ್ಕೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರೆಲ್ಲ ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ. ಸೀಟಿ ಇದ್ದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ.

ಗುಡ್ಡದ ಗೆಳತಿ (ಶೆಫೀಲ್ಡ್)

ಮೊಲದ ಪ್ರಶ್ನೆಗೆ: ಇದೆ. ಮೌಂಟನ್ ಹೇರ್. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬೇಟೆಗಾಗಿ ತಂದು ಬಿಟ್ಟದ್ದು. ಇಂಗ್ಲೆಂಡಿನಲ್ಲಿ ಈಗ ಉಳಿದಿರುವುದು ಇಲ್ಲಿ ಮಾತ್ರ. ಆಗಸ್ಟ್‌ನಲ್ಲಿ ಬಿಳಿ ಇರಲ್ಲ, ಬೂದುಗಂದು. ಚಳಿಗಾಲಕ್ಕೆ ಬಿಳಿ ಆಗುತ್ತದೆ. ಈಗೀಗ ಹಿಮ ಕಡಿಮೆ, ಕಪ್ಪು ಪೀಟ್ ಮೇಲೆ ಬಿಳಿ ಮೊಲ ದೂರದಿಂದಲೇ ಕಂಡುಬಿಡುತ್ತದೆ. ಅದು ಅವಕ್ಕೆ ಅಪಾಯ, ನೋಡಿದಾಗ ಸಂಕಟ ಆಗುತ್ತದೆ.

ಗ್ರೌಸ್ ಮಾತ್ರ ಸಿಕ್ಕೇ ಸಿಗುತ್ತದೆ. ಕಾಲ ಬುಡದಿಂದಲೇ ಫಡಫಡ ಅಂತ ಎದ್ದು ಕೂಗುತ್ತಾ ಹಾರುತ್ತದೆ. ಅಪ್ಪನವರಿಗೆ ಮೊದಲೇ ಹೇಳಿರಿ, ಬೆಚ್ಚಿಬೀಳಬಾರದು.

ಅಮ್ಮನವರಿಗೆ ಹೇಳಿ, ಹೂ ಕೀಳುವುದು ಬೇಡ. ಅದು ಸಂರಕ್ಷಿತ ಗುಡ್ಡ. ಹೆದರ್ ಕುಂಡಗಳು ಗಾರ್ಡನ್ ಸೆಂಟರ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಒಂದು ತಂದು ಬಾಲ್ಕನಿಯಲ್ಲಿ ಇಟ್ಟರೆ ಪೂಜೆಗೂ ಆಯಿತು. ಬಿಲ್‌ಬೆರಿ ಹಣ್ಣು ಮಾತ್ರ ದಾರಿ ಬದಿಯಲ್ಲಿ ಸಿಕ್ಕಿದಷ್ಟು ತಿನ್ನಿ. ಆಗಸ್ಟ್ ಕೊನೆಗೆ ಸ್ವಲ್ಪ ಉಳಿದಿರುತ್ತದೆ. ಬೆರಳು, ನಾಲಿಗೆ ಎಲ್ಲ ನೇರಳೆ ಆಗುತ್ತದೆ.

ಶರಾವತಿ ಸಾಲ್ಫರ್ಡ್

ಸರಿ ಹಾಗಾದ್ರೆ. ಶನಿವಾರ ಎಲ್ಲರೂ ಲಾಂಗ್‌ಶಾ, ಸರ್‌ಪ್ರೈಸ್ ವ್ಯೂ. ಭಾನುವಾರ ಹೇಫೀಲ್ಡ್‌ನಿಂದ ನಾನು, ಯಜಮಾನರು, ಅಪ್ಪ. ಅಮ್ಮ ಜಲಾಶಯದವರೆಗೆ ಬರುತ್ತಾರೆ, ಮೈದುನ ಅವರ ಜತೆ ಕೆಳಗಿರುತ್ತಾನೆ. ಅವನು ನಾಯಿಯನ್ನೂ ತರುತ್ತೇನೆ ಅನ್ನುತ್ತಿದ್ದಾನೆ. ತರಬಹುದಾ?

ಸ್ಟಾಕ್‌ಪೋರ್ಟ್ ಗೌಡ

ತರಬಹುದು. ಹಗ್ಗ ಬಿಡಬೇಡಿ. ತೆರೆದ ಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಗಿಡ್ಡ ಹಗ್ಗ ಕಡ್ಡಾಯ. ಕುರಿ ಇದ್ದಲ್ಲಿ ವರ್ಷಪೂರ್ತಿ. ಇನ್ನೂ ಕೆಲವು ಗುಡ್ಡಗಳಲ್ಲಿ ನಾಯಿಗೆ ಪ್ರವೇಶವೇ ಇಲ್ಲ, ಗೇಟಿನ ಬೋರ್ಡು ನೋಡಿಕೊಳ್ಳಿ. ದಾರಿಯಲ್ಲಿ ತಡಮೆಗಳೂ ಸಿಗುತ್ತವೆ, ನಾಯಿಯನ್ನು ಎತ್ತಿ ದಾಟಿಸಬೇಕಾಗಬಹುದು.

ತುಂಗಾ ತೀರ

ಒಂದು ಮಾತು ಉಳಿದಿತ್ತು. ಹೆದರ್ ಪೊದೆಯಲ್ಲಿ, ಬ್ರಾಕನ್ ಅನ್ನುವ ಜರೀಗಿಡದ ಪೊದೆಯಲ್ಲಿ ಉಣ್ಣೆ ಹುಳ (ಉಣುಗು) ಇರುತ್ತವೆ. ಕೆಲವು ಉಣ್ಣೆಯಿಂದ ಲೈಮ್ ಕಾಯಿಲೆ ಬರುತ್ತದೆ. ಶರಾವತಿ ಅವರೇ, ಸಾಗರದ ಕಡೆಯವರಿಗೆ ಉಣ್ಣೆಯ ಅಪಾಯ ನಾನು ಹೇಳಬೇಕಾಗಿಲ್ಲ, ಮಂಗನ ಕಾಯಿಲೆ ಕಂಡ ಊರು ನಿಮ್ಮದು. ಉದ್ದ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ಸೇರಿಸಿ. ಸಂಜೆ ಮನೆಗೆ ಬಂದು ಮಂಡಿ ಹಿಂದೆ, ಕಂಕುಳು, ತಲೆಗೂದಲಿನ ಅಂಚು ನೋಡಿಕೊಳ್ಳಿ. ನಾಯಿಯ ಕಿವಿಯನ್ನೂ ನೋಡಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಅಂತ ಏನೂ ಮಾಡಬೇಡಿ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಗುಡ್ಡಕ್ಕೆ ಹೋಗಿದ್ದೆವು ಅಂತ ಹೇಳಿ.